ಸ್ಟಾರ್‌ಡ್ಯೂ ವ್ಯಾಲಿ: ಒಂದು ಕರ್ಬೂಜಕ್ಕೆ ಗ್ರೀನ್‌ಹೌಸ್ ತಪ್ಪಿಹೋಯ್ತು, ನೀವೆಲ್ಲ ಹೇಗೆ ಆಡ್ತೀರಿ?

ಸಂಜೆಶಿಫ್ಟ್ · ಶುಕ್ರವಾರ, ರಾತ್ರಿ 1.10

ಹೊಟ್ಟೆ ಉರಿ ಹೇಳ್ಕೊಳ್ಳೋಕೆ ಬಂದಿದ್ದೀನಿ. ಪರಿಹಾರ ಇದ್ರೆ ಅದೂ ಹೇಳಿ.

ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಬೇಸಾಯದ ವಿಡಿಯೋ ಗೇಮ್ ಹಿಡಿದು ಒಂದೂವರೆ ತಿಂಗಳಾಯ್ತು. ಈಗ ಮೊದಲನೇ ವರ್ಷ, ವಿಂಟರ್ 4. ಆಡದೇ ಇರೋರಿಗೆ ಎರಡು ಮಾತು: ಜೋಜಾ ಅನ್ನೋ ಕಂಪನಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಕೂತು ಸಾಕಾದವನು, ತಾತ ಸಾಯೋ ಮುಂಚೆ ಕೊಟ್ಟಿದ್ದ ಕಾಗದ ಒಡೆದು ಓದಿ, ಪೆಲಿಕನ್ ಟೌನ್ ಅನ್ನೋ ಊರಿನ ಪಾಳುಬಿದ್ದ ಜಮೀನಿಗೆ ಬರ್ತಾನೆ. ಕೈಯಲ್ಲಿ 500 ಗೋಲ್ಡ್, ಮೇಯರ್ ಕೊಟ್ಟ 15 ಪಾರ್ಸ್ನಿಪ್ ಬೀಜ. ವರ್ಷಕ್ಕೆ ನಾಲ್ಕು ಕಾಲ, ಒಂದೊಂದಕ್ಕೆ 28 ದಿನ. ಕಾಲ ಮುಗಿದ ರಾತ್ರಿ ಆ ಕಾಲದ ಬೆಳೆ ಕೊಯ್ದಿರಲಿ ಬಿಡಲಿ, ಒಣಗಿ ಕಡ್ಡಿ ಆಗುತ್ತೆ.

ಊರಲ್ಲೊಂದು ಮುರುಕಲು ಸಮುದಾಯ ಭವನ ಇದೆ. ಅದರ ಪ್ಯಾಂಟ್ರಿ ಕೋಣೆ ಕೇಳಿದ್ದನ್ನೆಲ್ಲ ಕೊಟ್ರೆ ನಮ್ಮ ಜಮೀನಿನ ಗ್ರೀನ್‌ಹೌಸ್ ರಿಪೇರಿ ಆಗುತ್ತೆ. ಆಮೇಲೆ ಚಳಿಗಾಲದಲ್ಲೂ ಏನು ಬೇಕಾದ್ರೂ ಬೆಳೀಬಹುದು. ನಂದು ಎಲ್ಲಾ ಆಗಿದೆ. ಒಂದೇ ಒಂದು ಕರ್ಬೂಜ ಬಾಕಿ.

ಆಗಿದ್ದು ಇಷ್ಟು. ಸಮ್ಮರ್ 16, ಮಂಗಳವಾರ. ಬೆಳಗ್ಗೆಯಿಂದ ಮೀನು ಹಿಡೀತಾ ಕೂತೆ. ಪಿಯೆರ್ ಅಂಗಡಿ ಹತ್ರ ಹೋದಾಗ ಐದು ಹತ್ತು, ಅವನು ಐದಕ್ಕೇ ಬಾಗಿಲು ಹಾಕಿದ್ದ. ಬುಧವಾರ ಅವನಿಗೆ ರಜಾ. ಗುರುವಾರ 18ಕ್ಕೆ ಹೋಗಿ ಆರು ಬೀಜ ತಂದು ನೆಟ್ಟು, ದಿನಾ ತಪ್ಪದೆ ನೀರು ಹಾಕಿದೆ. ಕರ್ಬೂಜಕ್ಕೆ 12 ದಿನ ಬೇಕು. 28ರ ರಾತ್ರಿ ಬಳ್ಳಿ ನೋಡಿ ಖುಷಿಯಾಗಿ ಮಲಗಿದೆ. ಬೆಳಗ್ಗೆ ಫಾಲ್ 1, ಆರೂ ಬೂದು ಬಣ್ಣದ ಕಡ್ಡಿ. ಬರೀ ಎರಡು ದಿನ!

ಕೇಳಬೇಕಾಗಿರೋದು ಎರಡು. ಈ ಚಳಿಗಾಲದಲ್ಲಿ ಕರ್ಬೂಜ ಎಲ್ಲಾದ್ರೂ ಸಿಗುತ್ತಾ? ಇನ್ನೊಂದು, ಶಿಫ್ಟ್ ಮುಗಿಸಿ ಬಂದು ತಲೆ ಹಗುರ ಮಾಡ್ಕೊಳ್ಳೋಣ ಅಂತ ಹಿಡಿದ ಆಟಕ್ಕೆ ಈಗ ನಾನು ನೋಟ್‌ಬುಕ್ ಇಟ್ಟಿದ್ದೀನಿ, ತಾರೀಖಿನ ಸಮೇತ. ಹೀಗಾಗಿರೋದು ನನಗೊಬ್ಬನಿಗೇನಾ?

ಎಕ್ಸೆಲ್ ಅಣ್ಣ · ಶುಕ್ರವಾರ, ರಾತ್ರಿ 1.32

ನಿದ್ದೆ ಬರದೆ ಇದನ್ನ ಓದಿದೆ, ಈಗ ಖಂಡಿತ ಬರಲ್ಲ.

ಒಂದು, ಆ ಮಂಗಳವಾರ ಸಂಜೆ ಜೋಜಾ ಮಾರ್ಟ್ ತೆಗೆದಿತ್ತು. ರಾತ್ರಿ 11ರ ತನಕ ಇರುತ್ತೆ, ಬುಧವಾರದ ರಜಾ ಅದಕ್ಕಿಲ್ಲ. ಪಿಯೆರ್ ಹತ್ರ 80ಕ್ಕೆ ಸಿಗೋ ಬೀಜಕ್ಕೆ ಅಲ್ಲಿ 100, ಅಷ್ಟೇ. 16ಕ್ಕೆ ನೆಟ್ಟಿದ್ರೆ 28ರ ಬೆಳಗ್ಗೆ ಹಣ್ಣು ಕೈಯಲ್ಲಿ.

ಎರಡು, ಇದು ಕೇಳಿದ್ರೆ ನಿನಗೆ ಇನ್ನೂ ಉರಿಯುತ್ತೆ. ಪ್ಯಾಂಟ್ರಿಯಲ್ಲಿ ಸ್ಪ್ರಿಂಗ್ ಬೆಳೆಗಳ ಕಂತು (ಭವನಕ್ಕೆ ಒಟ್ಟಿಗೆ ಕೊಡಬೇಕಾದ ಸಾಮಾನಿನ ಒಂದು ಗುಂಪು) ಮುಗಿಸಿದಾಗ ಬಹುಮಾನ ಏನು ಕೊಟ್ರು, ನೆನಪಿದೆಯಾ? 20 ಸ್ಪೀಡ್‌ಗ್ರೋ. ಅದನ್ನ ಮಣ್ಣಿಗೆ ಹಾಕಿ ನೆಟ್ರೆ 12 ದಿನದ ಕರ್ಬೂಜ 10 ದಿನಕ್ಕೆ ಬರುತ್ತೆ. 18ಕ್ಕೆ 10 ಸೇರಿಸು.

ಈಗ ಉಳಿದಿರೋ ದಾರಿ ಕಾಡಿನ ಹತ್ರ ಬರೋ ವ್ಯಾಪಾರಿ ಹೆಂಗಸಿನ ಗಾಡಿ ಒಂದೇ. ಶುಕ್ರವಾರ, ಭಾನುವಾರ ಬರ್ತಾಳೆ. ಅವಳ ಹತ್ರ ಏನಿರುತ್ತೆ ಅನ್ನೋದು ಅದೃಷ್ಟ, ಕರ್ಬೂಜವೂ ಇರಬಹುದು. ವಿಂಟರ್ 15ರಿಂದ 17ರವರೆಗೆ ಸಮುದ್ರದಂಡೆಯಲ್ಲಿ ರಾತ್ರಿ ಸಂತೆ ನಡೆಯುತ್ತೆ, ಅಲ್ಲಿಗೂ ಬರ್ತಾಳೆ. ಒಂದೂ ತಪ್ಪಿಸಬೇಡ. ಕೈಯಲ್ಲಿ ಸಾವಿರದ ಮೇಲೆ ದುಡ್ಡು ಇಟ್ಕೊಂಡು ಹೋಗು.

ಸಂಜೆಶಿಫ್ಟ್ · ಶುಕ್ರವಾರ, ರಾತ್ರಿ 1.41

ಪೆಟ್ಟಿಗೆ ತೆಗೆದು ನೋಡಿದೆ. 20 ಸ್ಪೀಡ್‌ಗ್ರೋ ಇದೆ. ಇಪ್ಪತ್ತಕ್ಕೆ ಇಪ್ಪತ್ತೂ ಇದೆ.

ಜೋಜಾ ಮಾರ್ಟ್‌ಗೆ ಮಾತ್ರ ನಾನು ಕಾಲಿಡಲ್ಲ. ಆ ಕಂಪನಿ ಬಿಟ್ಟು ಬಂದವನು ಅದರ ಅಂಗಡಿಗೇ ಹೋಗಿ ಬೀಜ ತರೋದು ಅಂದ್ರೆ ಏನರ್ಥ?

ಧಾರವಾಡ ಫೇಡಾ · ಶುಕ್ರವಾರ, ಬೆಳಗ್ಗೆ 8.05

ಮಾಡಿದ್ದುಣ್ಣೋ ಮಹರಾಯ! ಸ್ವಾಭಿಮಾನಕ್ಕ ಇಪ್ಪತ್ತು ಗೋಲ್ಡ್ ಉಳೀತು, ಗ್ರೀನ್‌ಹೌಸ್ ಹೋತು.

ತಮ್ಮಾ, ಪಿಯೆರ್ ಏನು ಧರ್ಮರಾಯ ಅಂತ ತಿಳದೀಯೇನು? ಇನ್ನೊಂದೆರಡು ವರ್ಷ ಆಡು, ಗೊತ್ತಾಗ್ತದ. ನನಗ ಅಂತೂ ಈ ಆಟದಾಗ ಒಕ್ಕಲುತನ ತ್ರಾಸ ಆಗಿಲ್ಲ, ತ್ರಾಸ ಆಗಿದ್ದು ಮೀನು. ಆ ಹಸರ ಪಟ್ಟಿ ಮ್ಯಾಲ ಕೆಳಗ ಹಾರಸ್ಕೋತ ಕುಂದ್ರೂದು, ಮೀನು ಅದರಾಗ ಇರೂದಿಲ್ಲ, ಪಟ್ಟಿ ಎತ್ತಿದ್ರ ತೆಳಗ ಓಡ್ತದ, ಇಳಿಸಿದ್ರ ಮ್ಯಾಲ. ಎರಡು ದಿನ ಬರೇ ಕಸಾನ ಹಿಡದೀನಿ. ಒಡದ ಕನ್ನಡಕ, ತೊಯ್ದ ಪೇಪರ್. ಆಮ್ಯಾಲ ಯಾರೋ ಹೇಳಿದ್ರು, ವಿಲ್ಲಿ ಅಂಗಡ್ಯಾಗ 25 ಗೋಲ್ಡಿಗೆ ಕಲಿಯೋರ ಗಾಳ ಸಿಗ್ತದಂತ. ದೊಡ್ಡ ಮೀನು ಬೀಳೂದಿಲ್ಲ ಅದಕ್ಕ, ಆದ್ರ ಪಟ್ಟಿ ಉದ್ದ ಇರ್ತದ, ಕೈ ಕುಂದರ್ತದ. ಹೊಸಬರು ಯಾರರೆ ಓದ್ಲಿಕ್ಕತ್ತಿದ್ರ ನೆನಪಿಡ್ರಿ.

ಕೊಡೆ ಮರೆತವಳು · ಶುಕ್ರವಾರ, ಬೆಳಗ್ಗೆ 9.20

ನಿಮ್ಮ ಎರಡನೇ ಪ್ರಶ್ನೆಗೆ ಯಾರೂ ಉತ್ತರಾನೇ ಕೊಡಲಿಲ್ಲ, ನಾನು ಕೊಡ್ತೀನಿ. ಆ ನೋಟ್‌ಬುಕ್ ಎಸೀರಿ.

ನಂದು ನಾಲ್ಕನೇ ವರ್ಷ, ಸಮುದಾಯ ಭವನ ಇನ್ನೂ ಅರ್ಧ ಕತ್ತಲು. ಮೂರನೇ ವರ್ಷದ ಮೊದಲ ದಿನ ತಾತನ ಆತ್ಮ ಬಂದು ಲೆಕ್ಕ ಕೇಳುತ್ತಲ್ಲ, ಆಗ ನನಗೆ ನಾಲ್ಕು ಮೇಣದಬತ್ತೀಲಿ ಹೊತ್ತಿದ್ದು ಎರಡೇ. ಏನೂ ಆಗಲಿಲ್ಲ. ಗುಡಿ ಮುಂದೆ ಒಂದು ವಜ್ರ ಇಟ್ರೆ ತಾತ ಮತ್ತೆ ಬಂದು ನೋಡ್ತಾನೆ, ಅವನಿಗೂ ಮೊಮ್ಮಕ್ಕಳ ಸ್ವಭಾವ ಗೊತ್ತಿರುತ್ತೆ.

ನಾನೂ ನನ್ನ ಅಕ್ಕನೂ ಸೇರಿ ಆಡೋದು. ಅವಳು ಟೊರೊಂಟೊದಲ್ಲಿ, ನಾನು ಮೈಸೂರಲ್ಲಿ. ನನಗೆ ರಾತ್ರಿ ಊಟದ ಹೊತ್ತು, ಅವಳಿಗೆ ಬೆಳಗಿನ ಕಾಫಿ. ಇಬ್ಬರು ಆಡುವಾಗ ಗಡಿಯಾರ ನಿಲ್ಲಲ್ಲ, ಒಬ್ಬಳು ಪೆಟ್ಟಿಗೆ ಹುಡುಕ್ತಾ ನಿಂತ್ರೂ ಹೊತ್ತು ಓಡ್ತಾ ಇರುತ್ತೆ. ಇಬ್ಬರೂ ಹಾಸಿಗೆಗೆ ಹೋದ್ರೇ ದಿನ ಮುಗಿಯೋದು. ಅವಳು ಗಣಿಯೊಳಗೆ 80ನೇ ಅಂತಸ್ತಲ್ಲಿ ಇರ್ತಾಳೆ, ನಾನು ಹಾಸಿಗೆ ಮೇಲೆ ಕೂತು ‘ಬಾರೇ, ಬಾರೇ’ ಅಂತ ಕೂಗ್ತಿರ್ತೀನಿ. ರಾತ್ರಿ ಎರಡಾದ್ರೆ ಎಲ್ಲಿದ್ದೀವೋ ಅಲ್ಲೇ ಬೀಳ್ತೀವಿ, ದುಡ್ಡೂ ಹೋಗುತ್ತೆ. ಚಿಕ್ಕೋರಿದ್ದಾಗ ಅಮ್ಮ ದೀಪ ಆರಿಸಿದ ಮೇಲೂ ಅವಳು ಕಾದಂಬರಿ ಓದ್ತಾ ನನ್ನ ನಿದ್ದೆ ಕೆಡಿಸ್ತಿದ್ಳು, ಈಗ ಇದು.

ಬೇಸಾಯಕ್ಕಿಂತ ನನಗೆ ಆ ಊರಿನ ಜನ ಇಷ್ಟ. ಡೇರೆಯಲ್ಲಿರೋ ಲೈನಸ್, ಕುಡಿತ ಬಿಡೋಕೆ ಒದ್ದಾಡೋ ಶೇನ್. ಯಾರಿಗೆ ಏನು ಇಷ್ಟ ಅಂತ ತಿಳ್ಕೊಂಡು ವಾರಕ್ಕೆರಡು ಸಲ ಉಡುಗೊರೆ ಕೊಡ್ತಾ ಹೋದ್ರೆ ಒಬ್ಬೊಬ್ಬರೂ ಬಾಯಿ ಬಿಡ್ತಾರೆ. ವೇಗವಾಗಿ ಆಡೋರಿಗೆ ಇದೆಲ್ಲ ಕಾಣೋದೇ ಇಲ್ಲ.

ಎಕ್ಸೆಲ್ ಅಣ್ಣ · ಶುಕ್ರವಾರ, ಬೆಳಗ್ಗೆ 10.02

ಕಾಣುತ್ತೆ ಮೇಡಂ. ಲೈನಸ್‌ಗೆ ತೆಂಗಿನಕಾಯಿ ಇಷ್ಟ, ಅದಕ್ಕೆ ಮರುಭೂಮಿಗೆ ಹೋಗಬೇಕು, ಅದಕ್ಕೆ ಬಸ್ ರಿಪೇರಿ ಆಗಬೇಕು, ಅದಕ್ಕೆ ನಾಲ್ಕು ಕಂತಲ್ಲಿ 42,500 ಗೋಲ್ಡ್. ನಾನು ಆ ದುಡ್ಡು ಹೊಂದಿಸಿದ್ದೂ ಅವನಿಗೋಸ್ಕರಾನೇ ಅಂದ್ಕೊಳ್ಳಿ.

ತಮಾಷೆ ಇರಲಿ. ಲೆಕ್ಕ ಹಾಕಿದ್ರೆ ಆಟ ಕೆಡುತ್ತೆ ಅನ್ನೋದನ್ನ ನಾನು ಒಪ್ಪಲ್ಲ. ನನಗೆ ಲೆಕ್ಕಾನೇ ಆಟ. ಸಮ್ಮರ್ 1ಕ್ಕೆ ಬ್ಲೂಬೆರಿ ನೆಟ್ರೆ 14, 18, 22, 26, ನಾಲ್ಕು ಕೊಯ್ಲು. ಒಂದು ಗಿಡಕ್ಕೆ ಸಲಕ್ಕೆ ಮೂರು ಹಣ್ಣು, ಹಣ್ಣಿಗೆ 50. 80ರ ಬೀಜಕ್ಕೆ 600. ಸ್ಟ್ರಾಬೆರಿ ಬೀಜ ಸಿಗೋದು ಸ್ಪ್ರಿಂಗ್ 13ರ ಮೊಟ್ಟೆ ಹಬ್ಬದಲ್ಲಿ ಮಾತ್ರ, ಆವತ್ತೇ ನೆಟ್ರೂ ಎರಡೇ ಕೊಯ್ಲು. ಆದ್ರೆ ಆವತ್ತು ನಾಲ್ಕು ಬೀಜ ಹೆಚ್ಚಿಗೆ ತಂದು ಪೆಟ್ಟಿಗೆಯಲ್ಲಿಟ್ಟು ಮುಂದಿನ ವರ್ಷ ಸ್ಪ್ರಿಂಗ್ 1ಕ್ಕೆ ನೆಟ್ಟು ನೋಡಿ, ಐದು ಕೊಯ್ಲು. ಇದು ಗೊತ್ತಾದ ದಿನ ನನಗೆ ಆಫೀಸಲ್ಲಿ ಕೂರೋಕಾಗಲಿಲ್ಲ. ಆಫೀಸಿನ ಎಕ್ಸೆಲ್‌ನಲ್ಲಿ ಯಾವ ಲೆಕ್ಕವೂ ಇಷ್ಟು ಸರಿಯಾಗಿ ಕೂತಿದ್ದನ್ನ ನಾನು ನೋಡಿಲ್ಲ.

ಸಂಜೆಶಿಫ್ಟ್‌ಗೆ ನಿಜವಾದ ತೊಂದರೆ ಲೆಕ್ಕದ್ದಲ್ಲ, ನೀರಿನದು. ಆಟದ ಒಂದು ದಿನ ಅಂದ್ರೆ ನಮ್ಮ ಸುಮಾರು 14 ನಿಮಿಷ. 60 ಗಿಡಕ್ಕೆ ಕೈಯಲ್ಲಿ ನೀರು ಹಾಕ್ತಾ ಕೂತ್ರೆ ಮಧ್ಯಾಹ್ನ ಆಗುತ್ತೆ, ಮೈಯಲ್ಲಿ ಶಕ್ತಿ ಅರ್ಧ ಇಳಿದಿರುತ್ತೆ. ಬೇಸಾಯದ ಮಟ್ಟ 6 ಆಯ್ತಾ? ಹಾಗಿದ್ರೆ ಚಳಿಗಾಲ ಪೂರ್ತಿ ಗಣಿಗೆ ಇಳಿ, ಕಬ್ಬಿಣ, ಚಿನ್ನ ತಾ, ಸುತ್ತ ಎಂಟು ಮನೆಗೆ, ಅಂದ್ರೆ ನೆಲದ ಚೌಕಕ್ಕೆ, ನೀರು ಚಿಮ್ಮಿಸೋ ಸ್ಪ್ರಿಂಕ್ಲರ್ ಮಾಡ್ಕೋ. ಇರೋದ್ರಲ್ಲಿ ಮೊದಲನೇ ಜಾತಿ ನಾಲ್ಕೇ ಮನೆಗೆ ಹಾಕೋದು, ಅದನ್ನ ಮಾಡಿ ಲೋಹ ದಂಡ ಮಾಡಬೇಡ. ಸ್ಪ್ರಿಂಗ್ ಬಂದಾಗ ಬೆಳಗ್ಗೆ ಎದ್ರೆ ನೆಲ ಒದ್ದೆಯಾಗಿರುತ್ತೆ, ಆಮೇಲೆ ಲೈನಸ್, ಶೇನ್ ಎಲ್ಲರನ್ನೂ ಮಾತಾಡಿಸಿಕೊಂಡು ಓಡಾಡು. ಮೇಡಂ ಹೇಳಿದ ಆರಾಮಕ್ಕೆ ನಾನು ಹೇಳಿದ ದಾರೀಲೇ ಹೋಗಬೇಕು.

ಕೊಡೆ ಮರೆತವಳು · ಶುಕ್ರವಾರ, ಬೆಳಗ್ಗೆ 10.09

ಹೋಗಬೇಕಾಗಿಲ್ಲ. ಹನ್ನೆರಡು ಗಿಡ ಹಾಕಿ, ಸಾಕು.

ಸಂಜೆಶಿಫ್ಟ್ · ಶುಕ್ರವಾರ, ಮಧ್ಯಾಹ್ನ 2.45

ಇಬ್ಬರೂ ಹೇಳೋದು ಸರಿ ಅನಿಸ್ತಿದೆ, ಅದೇ ಕಷ್ಟ. ಹನ್ನೆರಡು ಗಿಡದಲ್ಲೇ ಇದ್ದೆ ಶುರುವಲ್ಲಿ. ಆವಾಗಿನದ್ದೊಂದು ಹೇಳ್ತೀನಿ.

ನಮ್ಮದು ತಿಪಟೂರು ಕಡೆ, ಮನೇಲಿ ತೆಂಗು, ಸ್ವಲ್ಪ ರಾಗಿ. ದೀಪಾವಳಿಗೆ ಊರಿಗೆ ಹೋಗಿದ್ದಾಗ ಜಗುಲಿ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಆಡ್ತಿದ್ದೆ. ಅಪ್ಪ ಬಂದು ಹಿಂದೆ ಕೂತ್ರು. ಎಲೆಗೆ ಸುಣ್ಣ ಸವರ್ತಾ ಕಾಲು ಗಂಟೆ ಏನೂ ಮಾತಾಡಲಿಲ್ಲ. ನಾನು ಪಾರ್ಸ್ನಿಪ್ ಕಿತ್ತು ಮನೆ ಪಕ್ಕದ ಡಬ್ಬಕ್ಕೆ ಹಾಕಿದೆ.

‘ಅದಕ್ಕ್ಯಾಕೆ ಹಾಕ್ದೆ?’

‘ರಾತ್ರಿ ಮೇಯರ್ ಬಂದು ತಗೊಂಡೋಗ್ತಾನೆ. ಬೆಳಗ್ಗೆ ದುಡ್ಡು ಬರುತ್ತೆ.’

‘ತೂಕ?’

‘ಇಲ್ಲ.’

‘ಹರಾಜು?’

‘ಇಲ್ಲಪ್ಪ. ಒಂದಕ್ಕೆ 35.’

‘ಎಲ್ಲಾರೂ ಅದನ್ನೇ ಹಾಕ್ಬಿಟ್ರೆ?’

‘ಸಾವಿರ ಹಾಕಿದ್ರೂ 35ಏ.’

ಅಪ್ಪ ಎಲೆ ಮಡಚಿ ಬಾಯಿಗಿಟ್ಕೊಂಡು, ಸ್ವಲ್ಪ ಹೊತ್ತು ಬಿಟ್ಟು, ‘ಆ ಮೇಯರ್‌ನ ಒಂದ್ಸಲ ನಮ್ಮ ಎಪಿಎಂಸಿಗೆ ಕರ್ಕೊಂಡ್ ಬಾ’ ಅಂದ್ರು.

ಆಮೇಲೆ ಒಂದೊಂದೇ ಶುರುವಾಯ್ತು. ಬೋರ್ ಎಲ್ಲಿ? ಕೆರೆಯಲ್ಲೇ ಕ್ಯಾನ್ ತುಂಬಿಸ್ತೀಯಾ, ಅದು ಬತ್ತಲ್ವಾ? ತ್ರೀ ಫೇಸ್ ಎಷ್ಟೊತ್ತಿಗೆ ಬಿಡ್ತಾರೆ? ಸೊಸೈಟಿ ಸಾಲ? ನೆಟ್ಟಿರೋ ಸಾಲಲ್ಲಿ ಕಳೆ ಯಾಕೆ ಇಲ್ಲ? ಬದು ಒತ್ತರಿಸೋ ಪಕ್ಕದವನು? ಎಲ್ಲದಕ್ಕೂ ‘ಇಲ್ಲಪ್ಪ, ಇಲ್ಲಪ್ಪ’ ಅಂತ ಹೇಳಿ ಹೇಳಿ ನನಗೇ ಒಂಥರಾ ನಾಚಿಕೆ ಆಯ್ತು. ಅವರಿಗೇನೂ ಬೇಜಾರಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳ್ತಿದ್ರು, ‘ಇವನ ಆಟದಲ್ಲಿ ಟೀವಿಯವನು ನಾಳೆ ಮಳೆ ಅಂದ್ರೆ ಮಳೆ ಬಂದೇ ಬರುತ್ತಂತೆ ಕಣೇ.’

ಬೆರ್ಚಪ್ಪ · ಶುಕ್ರವಾರ, ಸಂಜೆ 6.30

ನಿಮ್ಮ ಅಪ್ಪನಿಗೆ ನನ್ನದೊಂದು ನಮಸ್ಕಾರ ಹೇಳಿ ಮಾರಾಯ್ರೆ.

ನಾನು ಪುತ್ತೂರಿನ ಹತ್ತಿರದವ, ಅಡಿಕೆ ತೋಟ ಉಂಟು. ಈ ಆಟ ನನಗೆ ಹಿಡಿಸಿದ್ದೇ ಆ ಟೀವಿಗೆ. ಇಲ್ಲಿ ಮಳೆಗಾಲಕ್ಕೆ ಮೊದಲು ಮದ್ದು ಬಿಡಬೇಕು, ಕೊಳೆರೋಗಕ್ಕೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಒಂದೂವರೆ ತಿಂಗಳಿಗೆ ಮತ್ತೊಮ್ಮೆ. ಆ ಎರಡನೇದು ನಟ್ಟ ನಡು ಮಳೆಗೆ ಬೀಳುದು. ಮರ ಹತ್ತುವ ಜನ ಸಿಕ್ಕಿದ ದಿನ ಮಳೆ, ಬಿಸಿಲು ಬಂದ ದಿನ ಜನ ಇಲ್ಲ. ಎರಡೂ ಕೂಡಿ ಬಂದು ಅರ್ಧ ತೋಟ ಆಗುವಾಗ ಬಡಗಿನಿಂದ ಕಪ್ಪು ಮೋಡ ಎದ್ದರೆ ಹೊಟ್ಟೆಯೊಳಗೆ ಎಂತ ಆಗ್ತದೆ ಅಂತ ಹೇಳ್ಲಿಕ್ಕೆ ಬರುದಿಲ್ಲ. ರಾತ್ರಿ ಇದನ್ನು ಆಡುವಾಗ ಟೀವಿ ಹಾಕಿ, ನಾಳೆ ಮಳೆ ಅಂತ ಕಂಡರೆ ನೀರು ಹಾಕುವ ಕ್ಯಾನನ್ನು ಕ್ಲಿಂಟನ ಕುಲುಮೆಗೆ ಕೊಡ್ತೇನೆ. ಅದನ್ನು ಮೇಲ್ದರ್ಜೆಗೆ ಏರಿಸ್ಲಿಕ್ಕೆ ಎರಡು ದಿನ ಬೇಕಲ್ಲ, ಒಂದು ದಿನ ಮಳೆಯಲ್ಲೇ ಹೋಗ್ತದೆ, ಗಿಡ ಒಣಗುದಿಲ್ಲ. ಅಷ್ಟು ಸಣ್ಣ ವಿಷಯಕ್ಕೆ ಎಷ್ಟು ಸಂತೋಷ ಅಂದರೆ ಹೆಂಡತಿ ‘ಎಂತಕ್ಕೆ ನಗುದು?’ ಅಂತ ಕೇಳಿದಳು.

ಬೆರ್ಚಪ್ಪನ ಹೆಸರು ಇಟ್ಟುಕೊಂಡದ್ದೂ ಹಾಗೆಯೇ. ಆಟದಲ್ಲಿ ಒಂದು ಬೆರ್ಚಪ್ಪ ನಿಲ್ಲಿಸಿದರೆ ಸುತ್ತ ಎಂಟು ಮನೆ ದೂರಕ್ಕೆ ಕಾಗೆ ಸುಳಿಯುದಿಲ್ಲ. ನಮ್ಮಲ್ಲಿ ಬೆರ್ಚಪ್ಪನ ತಲೆ ಮೇಲೆ ಕೂತು ಮಂಗ ಬೊಂಡ ಕುಡೀತದೆ. ಮಂಗಗಳಿಲ್ಲದ ಕೃಷಿಯನ್ನು ಕೃಷಿ ಅಂತ ಹೇಗೆ ಹೇಳುದು?

ಕೊಡೆ ಮರೆತವಳು · ಶುಕ್ರವಾರ, ಸಂಜೆ 6.44

ಆಟದಲ್ಲಿ ಜಿಂಜರ್ ಐಲ್ಯಾಂಡಿಗೆ ಹೋದ್ರಾ? ಅಲ್ಲೊಂದು ಗೊರಿಲ್ಲಾ ಇದೆ. ಬಾಳೆಹಣ್ಣು ಇಟ್ರೆ ಬಂದು ತಿಂದು ಬಂಗಾರದ ವಾಲ್‌ನಟ್ ಕೊಟ್ಟು ಹೋಗುತ್ತೆ.

ಬೆರ್ಚಪ್ಪ · ಶುಕ್ರವಾರ, ಸಂಜೆ 6.51

ಕೊಟ್ಟು ಹೋಗ್ತದಾ! ನಮ್ಮಲ್ಲಿಯದಕ್ಕೆ ಈ ವಿಷಯ ಯಾರಾದರೂ ತಿಳಿಸಬೇಕಿತ್ತು.

ಟ್ರ್ಯಾಕ್ಟರ್ ಮಂಜ · ಶುಕ್ರವಾರ, ರಾತ್ರಿ 9.15

ಎಲ್ಲರೂ ‘ಕೃಷಿ ಆಟ, ಕೃಷಿ ಆಟ’ ಅಂತೀರಿ. ಒಂದು ಕ್ಯಾನ್, ಒಂದು ಗುದ್ದಲಿ. ನಿಜವಾದ್ದು ಬೇಕಂದ್ರೆ ಫಾರ್ಮಿಂಗ್ ಸಿಮ್ಯುಲೇಟರ್ ಆಡಿ. ಸ್ವಿಟ್ಜರ್ಲೆಂಡಿನ ಜೈಂಟ್ಸ್ ಸಾಫ್ಟ್‌ವೇರ್‌ನವರದ್ದು, 2008ರಿಂದ ಬರ್ತಾ ಇದೆ. ಜಾನ್ ಡಿಯರ್, ಫೆಂಡ್ಟ್, ಕ್ಲಾಸ್, ಎಲ್ಲಾ ನಿಜವಾದ ಕಂಪನಿಯ ಗಾಡಿಗಳು. ಅದರಲ್ಲಿ ಸಾಲ ಇದೆ, ಬಡ್ಡಿ ಇದೆ, ಕಳೆ ಇದೆ, ದರ ಏರುತ್ತೆ ಇಳಿಯುತ್ತೆ. ಒಂದು ಕಡೆ ಕೊಡೋ ದರ ಇನ್ನೊಂದು ಕಡೆ ಇರಲ್ಲ, ಕಣಜದಲ್ಲಿಟ್ಟು ಕಾಯಬೇಕು.

ನಾನು ಗಂಗಾವತಿಯವನು, ಭತ್ತ ಬಿಟ್ರೆ ಬೇರೆ ಗೊತ್ತಿಲ್ಲ. ಇಷ್ಟು ವರ್ಷ ಆ ಆಟದಲ್ಲಿ ಗೋಧಿ, ಬಾರ್ಲಿ, ಕನೋಲಾ ಬೆಳೆದೂ ಬೆಳೆದೂ ಸಾಕಾಗಿತ್ತು. 2024ರ ನವೆಂಬರ್ 12ಕ್ಕೆ ಬಂದ ಫಾರ್ಮಿಂಗ್ ಸಿಮ್ಯುಲೇಟರ್ 25ರಲ್ಲಿ ಭತ್ತ ಬಂತು. ಏಷ್ಯಾದ ಒಂದು ಊರು, ನೀರು ನಿಲ್ಲಿಸೋ ಗದ್ದೆ, ನಾಟಿ ಯಂತ್ರ, ಎಮ್ಮೆಗಳು ಸಹ. ಮೊದಲ ದಿನ ಗದ್ದೆಗೆ ನೀರು ಬಿಟ್ಟು ಅದು ತುಂಬೋದನ್ನ ನೋಡ್ತಾ ಸುಮ್ಮನೆ ಕೂತಿದ್ದೆ. ಅದಾದ ಮೇಲೆ ಆಲಿಕಲ್ಲು ಮಳೆ ಬಿತ್ತು. ಹೌದು, ಅದರಲ್ಲಿ ಆಲಿಕಲ್ಲೂ ಇದೆ, ಸುಂಟರಗಾಳೀನೂ ಇದೆ.

ಕೊರತೆ ಏನಂದ್ರೆ ಒಬ್ಬನೇ ಗಾಡಿ ಓಡಿಸ್ತಾ ಕೂತಿರ್ತೀನಿ, ಎರಡೆರಡು ಗಂಟೆ. ಮನಸಾರೆ ಮಾತಾಡೋಕೆ ಒಬ್ಬ ಮನುಷ್ಯ ಇಲ್ಲ ಆ ಊರಲ್ಲಿ. ನಮ್ಮ ಕಡೆ ನಾಟಿ ಅಂದ್ರೆ ಸಾಲಿಗೆ ಇಪ್ಪತ್ತು ಹೆಣ್ಮಕ್ಕಳು, ಹಾಡು, ಬೈಗಳು, ಬುತ್ತಿ. ಅಲ್ಲಿ ಬರೀ ಇಂಜಿನ್ ಸದ್ದು.

ಎಕ್ಸೆಲ್ ಅಣ್ಣ · ಶುಕ್ರವಾರ, ರಾತ್ರಿ 9.40

ಮಂಜಣ್ಣ, ಒಪ್ಪಿದೆ, ಆದ್ರೆ ಹೋಲಿಸಬೇಡಿ. ನಿಮ್ಮದು ಒಂದು ಕಂಪನಿ ಮಾಡಿದ್ದು. ಇದನ್ನ ಎರಿಕ್ ಬರೋನ್ ಅನ್ನೋ ಒಬ್ಬನೇ ಮಾಡಿದ್ದು, ನಾಲ್ಕು ವರ್ಷದ ಮೇಲೆ. ಚಿತ್ರ, ಸಂಗೀತ, ಕಥೆ, ಪ್ರೋಗ್ರಾಮ್, ಎಲ್ಲಾ. ಹೊಟ್ಟೆಪಾಡಿಗೆ ಸಿಯಾಟಲ್‌ನ ಒಂದು ಥಿಯೇಟರ್‌ನಲ್ಲಿ ಜನರನ್ನ ಸೀಟಿಗೆ ಕೂರಿಸೋ ಕೆಲಸ ಮಾಡ್ತಿದ್ದ. 1996ರಲ್ಲಿ ಜಪಾನಿನಲ್ಲಿ ಶುರುವಾದ ಹಾರ್ವೆಸ್ಟ್ ಮೂನ್ ಆಟಗಳ ಹುಚ್ಚು ಅವನಿಗೆ, ಆ ಥರದ್ದು ಮತ್ತೆ ಬರ್ತಿಲ್ಲ ಅಂತ ತಾನೇ ಕೂತ. 2016ರ ಫೆಬ್ರವರಿ 26ಕ್ಕೆ ಬಿಟ್ಟ. 2024ರ ಕೊನೆಗೆ 4 ಕೋಟಿ 10 ಲಕ್ಷ ಪ್ರತಿ ಹೋಗಿತ್ತು. ಇವತ್ತಿಗೂ ಹೊಸದು ಸೇರಿಸ್ತಾ ಬಂದ್ರೂ ಒಮ್ಮೆ ಕೊಂಡವರ ಹತ್ರ ಮತ್ತೆ ದುಡ್ಡು ಕೇಳಿಲ್ಲ.

ಧಾರವಾಡ ಫೇಡಾ · ಶುಕ್ರವಾರ, ರಾತ್ರಿ 9.52

ಮಂಜಣ್ಣಾರ, ಬುತ್ತಿ ಅಂತ ಅಂದ್ರಿ, ನನಗ ಈಗ ಹಸಿವಾತು. ಇದ್ರ ಪಾಪ ನಿಮಗ ತಗಲ್ತದ.

ಮೂರ್ತಿ ಮೇಷ್ಟ್ರು · ಶನಿವಾರ, ಬೆಳಗ್ಗೆ 6.15

ನಮಸ್ಕಾರ. ನಾನು ನಿವೃತ್ತ ಶಿಕ್ಷಕ. ನಿಮ್ಮೆಲ್ಲರಿಗಿಂತ ಹಳೆಯ ಒಕ್ಕಲಿಗ ಎಂದು ಹೇಳಿಕೊಳ್ಳಬಹುದೇನೋ, ಏಕೆಂದರೆ ನಾನು ಫಾರ್ಮ್‌ವಿಲ್ಲೆ ಕಾಲದವನು.

2009ರಲ್ಲಿ ಅದು ಫೇಸ್‌ಬುಕ್‌ನಲ್ಲಿ ಬಂದಾಗ ಮಗಳು ಪುಣೆಯಲ್ಲಿ ಓದುತ್ತಿದ್ದಳು. ಕಂಪ್ಯೂಟರ್ ಕಲಿಸಿದ್ದೂ ಅವಳೇ, ಖಾತೆ ತೆರೆದುಕೊಟ್ಟಿದ್ದೂ ಅವಳೇ. ಅವಳ ಜಮೀನಿಗೆ ನಾನು ನೆರೆಯವನು. ಅಲ್ಲಿ ಕಾಲ ನಿಜವಾದ ಗಡಿಯಾರದಂತೆ ನಡೆಯುತ್ತಿತ್ತು. ಸ್ಟ್ರಾಬೆರಿ ಹಾಕಿದರೆ ನಾಲ್ಕು ಗಂಟೆಗೆ ಸಿದ್ಧ, ತಡವಾದರೆ ಬಾಡಿಹೋಗುವುದು. ಮಧ್ಯರಾತ್ರಿ ಹನ್ನೆರಡಕ್ಕೆ ಬಿತ್ತಿ ನಾಲ್ಕಕ್ಕೆ ಅಲಾರಂ ಇಟ್ಟು ಎದ್ದ ದಿನಗಳುಂಟು. ನನ್ನ ಶ್ರೀಮತಿ, ಶಾಲೆಗೆ ಒಂದು ದಿನ ಹೊತ್ತಿಗೆ ಸರಿಯಾಗಿ ಏಳದವರು ಇಲ್ಲದ ಹಣ್ಣಿಗೆ ಏಳುತ್ತೀರಲ್ಲ ಎಂದು ಹಂಗಿಸುತ್ತಿದ್ದಳು. ಪರಿಚಯದವರಿಗೆಲ್ಲ ‘ದಾರಿ ತಪ್ಪಿದ ಹಸು ಬಂದಿದೆ, ಸಾಕಿಕೊಳ್ಳಿ’ ಎಂಬ ಸಂದೇಶ ಹೋಗುತ್ತಿತ್ತು. ಹಲವರು ನನ್ನನ್ನು ಆ ಕಾರಣಕ್ಕೇ ದೂರವಿಟ್ಟರು ಎಂದು ಆಮೇಲೆ ತಿಳಿಯಿತು.

ಮಗಳಿಗೆ ಕೆಲಸ, ಮದುವೆ, ಮಗು ಎಲ್ಲ ಆಗಿ ಅವಳು ಆ ಕಡೆ ಬರುವುದನ್ನು ಬಿಟ್ಟಳು. ನಾನು ಅವಳ ಜಮೀನಿಗೆ ಹೋಗಿ ಗೊಬ್ಬರ ಹಾಕಿ ಬರುತ್ತಿದ್ದೆ, ಅಲ್ಲಿ ಬೆಳೆ ಇಲ್ಲದಾದ ಮೇಲೂ ಸುಮ್ಮನೆ ಹೋಗಿ ಬರುತ್ತಿದ್ದೆ. 2020ರ ಡಿಸೆಂಬರ್ 31ಕ್ಕೆ ಆಟವನ್ನೇ ಮುಚ್ಚಿದರು.

ಈಗ ಮೊಮ್ಮಗ ಈ ಸ್ಟಾರ್‌ಡ್ಯೂ ಹಾಕಿಕೊಟ್ಟಿದ್ದಾನೆ. ಆಟ ಮುಚ್ಚಿಟ್ಟರೆ ದಿನ ಮುಂದಕ್ಕೆ ಹೋಗುವುದಿಲ್ಲ, ನಾನು ಎದ್ದು ಹೋದರೆ ಬೆಳೆ ನನಗಾಗಿ ಕಾಯುತ್ತದೆ. ಇದು ದೊಡ್ಡ ಉಪಕಾರ. ಆದರೆ ಫೋನಿನಲ್ಲಿ ಮೀನು ಹಿಡಿಯುವುದು ನನ್ನ ಬೆರಳಿಗೆ ಆಗುತ್ತಿಲ್ಲ. ಧಾರವಾಡದವರು ಹೇಳಿದ ಆ ಗಾಳ ನನ್ನಂಥವರಿಗೂ ನಡೆಯುತ್ತದೆಯೇ?

ಧಾರವಾಡ ಫೇಡಾ · ಶನಿವಾರ, ಬೆಳಗ್ಗೆ 7.30

ನಡೀತದ್ರಿ ಸರ್, ಮದಲ ಅದನ್ನ ತಗೋರಿ. ಮೀನು ಮ್ಯಾಲ ಹೋದಾಗ ಬೆರಳು ಒತ್ತಿ ಹಿಡೀಬ್ಯಾಡ್ರಿ, ಟಕ್ ಟಕ್ ಅಂತ ಸಣ್ಣಗ ಬಡೀತಿರ್ರಿ. ತೆಳಗ ಬೀಳೂ ಮುಂದ ಪಟ್ಟಿ ಪುಟದೇಳ್ತದ, ಆವಾಗ ಹೆದರಬ್ಯಾಡ್ರಿ. ಆಗಲಿಲ್ಲಂದ್ರ ಏಡಿ ಹಿಡಿಯೋ ಬುಟ್ಟಿ ಅದಾವ, ಅದಕ್ಕ ತಿನಿಸು ಹಾಕಿ ಇಟ್ಟು ಮಲಕ್ಕೊಂಡ್ರ ಮರುದಿನ ಏನರೆ ಬಿದ್ದಿರ್ತದ. ಪಟ್ಟಿ ಗಿಟ್ಟಿ ಇಲ್ಲ.

ಲಿಪಿಕಾರ · ಶನಿವಾರ, ಬೆಳಗ್ಗೆ 11.10

ಮೇಷ್ಟ್ರ ಪೋಸ್ಟ್ ಓದಿದ ಮೇಲೆ ನನ್ನ ಗೋಳು ಹೇಳೋಕೆ ಸಂಕೋಚ ಆಗ್ತಿದೆ, ಆದ್ರೂ ಹೇಳ್ತೀನಿ. ನಮ್ಮಮ್ಮನಿಗೋಸ್ಕರ ಇದನ್ನ ಕನ್ನಡಕ್ಕೆ ತರೋಣ ಅಂತ ಹೊರಟಿದ್ದೆ. ಆಟ 12 ಭಾಷೆಯಲ್ಲಿದೆ, ನಮ್ಮ ದೇಶದ ಒಂದೂ ಇಲ್ಲ. ಹೊರಗಿನವರು ಭಾಷೆ ಸೇರಿಸೋಕೆ ದಾರಿ ಇದೆ. ನಾನು ಸಿಕ್ಕಿಬಿದ್ದಿದ್ದು ಅಕ್ಷರದಲ್ಲಿ. ಆಟ ಅಕ್ಷರಗಳನ್ನ ಚಿತ್ರದ ತುಂಡುಗಳ ಹಾಗೆ ಒಂದರ ಪಕ್ಕ ಒಂದು ಇಡ್ತಾ ಹೋಗುತ್ತೆ. ಇಂಗ್ಲಿಷಿಗೆ ಸಾಕು. ಕನ್ನಡದಲ್ಲಿ ‘ಕೃಷಿ’ ಅಂತ ಬರೆದ್ರೆ ವಟ್ರಸುಳಿ ಕೆಳಗೆ ಕೂರದೆ ಪಕ್ಕಕ್ಕೆ ಹೋಗಿ ನಿಲ್ಲುತ್ತೆ. ಅಕ್ಕಿಯ ಒತ್ತು ಒತ್ತಾಗಿ ಬರಲ್ಲ. ಮೊದಲ ದಿನ ಅಮ್ಮ ನೋಡಿ ‘ಇದ್ಯಾವ ಭಾಷೆ?’ ಅಂದ್ರು.

ಅದು ಬಿಟ್ರೂ ಮಾತುಗಳ ತಕರಾರು ಬೇರೆ. ಸ್ಪ್ರಿಂಗ್, ಫಾಲ್ ಅನ್ನೋದಕ್ಕೆ ವಸಂತ, ಶರತ್ ಅಂತ ಹಾಕಿದ್ರೆ ಪಂಚಾಂಗ ಓದಿದ ಹಾಗಾಗುತ್ತೆ. ನಮಗೆ ಬೇಕಾದ ಮಳೆಗಾಲವೇ ಅದರಲ್ಲಿಲ್ಲ. ‘ರೋಹಿಣಿ ಮಳೆ ಬಂದ್ರೆ ಓಣಿಯೆಲ್ಲ ಜೋಳ’ ಅನ್ನೋ ಜನಕ್ಕೆ ನಾಲ್ಕೇ ಕಾಲ ಕೊಟ್ರೆ ಏನು ಮಾಡೋದು? ಪಾರ್ಸ್ನಿಪ್‌ಗೆ ಕನ್ನಡದಲ್ಲಿ ಏನಂತೀರಿ, ಅದನ್ನಾದ್ರೂ ಹೇಳಿ. ಮೂಲಂಗಿ ಅನ್ನಬೇಡಿ, ಮೂಲಂಗಿ ಬೇರೆ ಇದೆ, ಸಮ್ಮರ್‌ನಲ್ಲಿ ಬರುತ್ತೆ.

ಧಾರವಾಡ ಫೇಡಾ · ಶನಿವಾರ, ಬೆಳಗ್ಗೆ 11.18

ಬಿಳಿ ಗಜ್ಜರಿ.

ಬೆರ್ಚಪ್ಪ · ಶನಿವಾರ, ಬೆಳಗ್ಗೆ 11.25

ಗಜ್ಜರಿ ಅಂದರೆ ಎಂತದು?

ಧಾರವಾಡ ಫೇಡಾ · ಶನಿವಾರ, ಬೆಳಗ್ಗೆ 11.26

ಕ್ಯಾರೆಟ್ ರೀ!

ಲಿಪಿಕಾರ · ಶನಿವಾರ, ಬೆಳಗ್ಗೆ 11.40

ನೋಡಿದ್ರಾ, ಒಂದು ಗೆಡ್ಡೆ ದಾಟೋಕಾಗ್ತಿಲ್ಲ ನಮಗೆ. ಸದ್ಯಕ್ಕೆ ಅಮ್ಮ ಚಿತ್ರ ನೋಡ್ಕೊಂಡೇ ಆಡ್ತಿದ್ದಾರೆ. ಹೆಸರೂ ಅವರೇ ಇಟ್ಕೊಂಡಿದ್ದಾರೆ. ಪಿಯೆರ್ ‘ಶೆಟ್ರಂಗಡಿ’, ಕ್ಲಿಂಟ್ ‘ಆಚಾರಿ’, ಪ್ರಾಣಿ ಮಾರೋ ಮಾರ್ನಿ ‘ಅಂಗಡೀಲಿ ಇರದೇ ಇರೋಳು’. ಸೋಮವಾರ, ಮಂಗಳವಾರ ಹೋಗಿ ಹುಲ್ಲಿಗೆ ಕಾದು ಬಂದೋರಿಗೆ ಗೊತ್ತಾಗುತ್ತೆ.

ಸಂಜೆಶಿಫ್ಟ್ · ಮಂಗಳವಾರ, ರಾತ್ರಿ 1.25

ವರದಿ ಒಪ್ಪಿಸ್ತೀನಿ. ಎಕ್ಸೆಲ್ ಅಣ್ಣ ಹೇಳಿದ ಹಾಗೆ ಗಾಡಿ ಬಂದ ದಿನ ಒಂದೂ ಬಿಡಲಿಲ್ಲ, ರಾತ್ರಿ ಸಂತೆಗೂ ಮೂರು ದಿನ ಹೋದೆ. ವಿಂಟರ್ 28 ಮುಗೀತು. ಕರ್ಬೂಜ ಬರಲಿಲ್ಲ. ಆದ್ರೆ ಕೆಂಪು ಎಲೆಕೋಸಿನ ಬೀಜ ಬಂತು, 700 ಗೋಲ್ಡ್. ಹೇಗೂ ಸಮುದಾಯ ಭವನದ ಬಣ್ಣದ ಕಂತಿಗೆ ಬೇಕಲ್ಲ ಅಂತ ತಗೊಂಡೆ. ಅದು ಪಿಯೆರ್ ಹತ್ರ ಎರಡನೇ ವರ್ಷದ ಸಮ್ಮರ್‌ನಲ್ಲಿ ನೂರಕ್ಕೇ ಸಿಗುತ್ತೆ ಅಂತ ದುಡ್ಡು ಕೊಟ್ಟ ಮೇಲೆ ಗೊತ್ತಾಯ್ತು.

ಗಣಿಗೆ ಇಳಿದೆ. 14 ಸ್ಪ್ರಿಂಕ್ಲರ್ ಆಗಿದೆ. ಇವತ್ತು ಸ್ಪ್ರಿಂಗ್ 1, ಬೆಳಗ್ಗೆ ಎದ್ದಾಗ ಮಾಡೋಕೆ ಏನೂ ಇರಲಿಲ್ಲ, ಲೈನಸ್ ಡೇರೆ ಹತ್ರ ಹೋಗಿ ಸುಮ್ಮನೆ ನಿಂತು ಬಂದೆ. ನೋಟ್‌ಬುಕ್ ಎಸೆದಿಲ್ಲ, ಆದ್ರೆ ಅದರಲ್ಲಿ ಈಗ ಒಂದೇ ಸಾಲು ಇದೆ.

ಇವತ್ತು ಅಪ್ಪ ಫೋನ್ ಮಾಡಿದ್ರು. ಕೊಬ್ಬರಿ ದರ, ಅಮ್ಮನ ಮಂಡಿನೋವು ಎಲ್ಲಾ ಆದ ಮೇಲೆ, ‘ಆ ಹಣ್ಣು ಸಿಕ್ತಾ?’ ಅಂದ್ರು. ಇಲ್ಲ ಅಂದೆ. ‘ಮುಂಗಾರಿಗೆ ಮುಂಚೆ ಹಾಕ್ಬೇಕಿತ್ತು ನೀನು’ ಅಂದ್ರು.

ಎಕ್ಸೆಲ್ ಅಣ್ಣ · ಮಂಗಳವಾರ, ರಾತ್ರಿ 1.33

ಆ ಒಂದು ಸಾಲು ಏನು?

ಸಂಜೆಶಿಫ್ಟ್ · ಮಂಗಳವಾರ, ರಾತ್ರಿ 1.34

‘ಸಮ್ಮರ್ 1: ಕರ್ಬೂಜ. ಮೀನು ಆಮೇಲೆ.’

ಧಾರವಾಡ ಫೇಡಾ · ಮಂಗಳವಾರ, ಬೆಳಗ್ಗೆ 7.50

ಸಮ್ಮರ್ 1 ಸೋಮವಾರ, ಅಂಗಡಿ ತೆಗೆದಿರ್ತದ. ಒಂಬತ್ತಕ್ಕ ಬಾಗಿಲದಾಗ ನಿಂತಿರು.